ಕಿರುಬೆರಳಿನ ಕೆಳಗಿನ ತೂತು

ರೈಲು ಹತ್ತಿದೊಡನೆ ನನ್ನ ಕಣ್ಣು ಹೋಗುವುದು ಜನರ ಕಿರುಬೆರಳಿನ ಕಡೆಗೆ. ಎಲ್ಲರ ಕೈಯಲ್ಲೂ ಮೊಬೈಲು, ಎಲ್ಲರ ತಲೆಯೂ ಬಗ್ಗಿರುತ್ತದೆ. ಹಾಗಾಗಿ ಒಬ್ಬ ಹೆಂಗಸು ತಮ್ಮ ಬೆರಳನ್ನೇ ದಿಟ್ಟಿಸುತ್ತಿದ್ದಾಳೆ ಎಂದು ಯಾರಿಗೂ ತಿಳಿಯುವುದಿಲ್ಲ. ಮೂರು ಬೆರಳು ಫೋನಿನ ಬೆನ್ನಿಗೆ, ಹೆಬ್ಬೆರಳು ಗಾಜಿನ ಮೇಲೆ, ಕಿರುಬೆರಳು ಮಾತ್ರ ತಳದಲ್ಲಿ ಮಡಚಿಕೊಂಡು ಅದರ ಭಾರವನ್ನೆಲ್ಲ ಹೊತ್ತಿರುತ್ತದೆ. ಆ ಬೆರಳು ಯಾವ ತೂತನ್ನು ಮುಚ್ಚಿದೆ, ಸ್ಪೀಕರಿನದನ್ನೋ ಮೈಕಿನದನ್ನೋ ಎಂದು ನೋಡುವಷ್ಟರಲ್ಲಿ ನಾನು ಇಳಿಯುವ ನಿಲ್ದಾಣ ಬಂದಿರುತ್ತದೆ. ಈ ಚಾಳಿಯನ್ನು ನನಗೆ ಅಂಟಿಸಿದವರು ಹೋದ ವರ್ಷ ತೀರಿಕೊಂಡರು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಅವರಿಗೆ ಸಂಕೋಚವಾಗುತ್ತಿತ್ತು. ಜಪಾನಿನ ಶಿನಾಗಾವಾದಲ್ಲಿದ್ದ ನಮ್ಮ ಆಫೀಸಿನಲ್ಲಿ ಮೊಬೈಲ್ ಫೋನಿನ ವಿನ್ಯಾಸ ಮಾಡುವ ವಿಭಾಗಕ್ಕೆಲ್ಲ ಅವರೇ ಹಿರಿಯರು. ಫೋನಿನ ಮೈಮೇಲೆ ಯಾವ ತೂತು ಎಲ್ಲಿರಬೇಕು ಎಂದು ಗೊತ್ತುಮಾಡುವುದು ಅವರ ಕೆಲಸ. ಧ್ವನಿ ಹೊರಬರುವ ಸ್ಪೀಕರಿನ ಜಾಲರಿ, ಮಾತು ಒಳಹೋಗುವ ಮೈಕಿನ ಸೂಜಿಮೊನೆಯಷ್ಟು ತೂತು, ಚಾರ್ಜರ್ ಸಿಕ್ಕಿಸುವ ಪೋರ್ಟು. ಕೇಳಿದವರು ಇದೂ ಒಂದು ಕೆಲಸವೇ ಎಂದು ನಗುತ್ತಾರೆ. ಮೊದಲ ದಿನ ನಾನೂ ಒಳಗೊಳಗೇ ನಕ್ಕಿದ್ದೆ.

ಇಲ್ಲಿಯದೇ ನೋಮಿ ಎಂಬ ಊರಿನಲ್ಲಿ ಡಾಕ್ಟರೇಟ್ ಮುಗಿಸಿ, ಧ್ವನಿಯ ಬಗ್ಗೆ ದಿಂಬಿನಷ್ಟು ದಪ್ಪದ ಪ್ರಬಂಧ ಬರೆದು, ಸ್ವಲ್ಪ ಕೊಬ್ಬಿನಲ್ಲೇ ಬಂದವಳು ನಾನು. ಅವರು ನನ್ನ ಪ್ರಬಂಧದ ವಿಷಯ ಕೇಳಲಿಲ್ಲ. ಫೋನಿನ ಆಕಾರದ ಒಂದು ಬಿಳಿ ಪ್ಲಾಸ್ಟಿಕ್ ಅಚ್ಚನ್ನು ಕೈಗಿತ್ತು, "ಹಿಡಿದುಕೊಂಡಿರಿ" ಎಂದರು.

"ಹಿಡಿದುಕೊಂಡು ಏನು ಮಾಡಬೇಕು?"

"ಏನೂ ಬೇಡ. ಊರಿಗೆ ಫೋನ್ ಮಾಡಿದ್ದೀರಿ ಅಂದುಕೊಳ್ಳಿ. ನಾನು ಟೀ ತರುತ್ತೇನೆ."

ಟೀ ತಂದವರು ನನ್ನ ಮುಖ ನೋಡದೆ ಕೈಯನ್ನೇ ಸುತ್ತಿ ಸುತ್ತಿ ನೋಡಿದರು. ನಾನು ಅಚ್ಚನ್ನು ಕಿವಿಗೆ ಇಟ್ಟುಕೊಂಡಿರಲಿಲ್ಲ. ನಮ್ಮವರೆಲ್ಲ ಹಿಡಿಯುವ ಹಾಗೆ ತಟ್ಟೆಯಂತೆ ಅಂಗಾತ ಹಿಡಿದು, ಅದರ ತಳವನ್ನು ಬಾಯಿಯ ಮುಂದೆ ತಂದುಕೊಂಡಿದ್ದೆ. ಅವರಿಗೆ ಆದ ಸಂತೋಷ ಅಷ್ಟಿಷ್ಟಲ್ಲ. "ನಿಮ್ಮ ದೇಶದವರು ಮೈಕಿಗೆ ಮಾತಾಡುತ್ತೀರಿ! ಇಲ್ಲಿಯವರಿಗೆ ಅಂಥದ್ದೊಂದು ಇದೆ ಎಂಬುದೇ ಮರೆತುಹೋಗಿದೆ" ಎಂದು ಪಕ್ಕದ ಮೇಜಿನವರನ್ನೆಲ್ಲ ಕರೆದು ನನ್ನ ಕೈಯನ್ನು ತೋರಿಸಿದರು. ಅಷ್ಟು ಓದಿ ಬಂದವಳಿಗೆ ಸಿಕ್ಕ ಮೊದಲ ಮೆಚ್ಚುಗೆ, ಫೋನ್ ಹಿಡಿಯಲು ಬರುತ್ತದೆ ಎಂಬುದಕ್ಕೆ.

ಅವರ ಅಂಗಿಯ ಜೇಬಿನಲ್ಲಿ ಯಾವಾಗಲೂ ಬಿದಿರಿನ ಹಲ್ಲುಕಡ್ಡಿ ಇರುತ್ತಿತ್ತು. ಅದು ಹಲ್ಲಿಗಲ್ಲ. ಯಾರದಾದರೂ ಫೋನು ಕೈಗೆ ಸಿಕ್ಕರೆ ಮೊದಲು ತಳಕ್ಕೆ ಉಫ್ ಎಂದು ಊದುವುದು, ಆಮೇಲೆ ಚಾರ್ಜರಿನ ಪೋರ್ಟಿನಲ್ಲಿ ಸೇರಿಕೊಂಡ ಜೇಬಿನ ಹಿಂಜನ್ನು ಕಡ್ಡಿಯಿಂದ ಮೆಲ್ಲಗೆ ಎಳೆದು ತೆಗೆಯುವುದು. ಒಳಗೆ ಗೀರು ಬೀಳುತ್ತದೆಂದು ಪಿನ್ನು ಮುಟ್ಟುತ್ತಿರಲಿಲ್ಲ. ಒಮ್ಮೆ ಆಫೀಸಿನ ಕೆಳಗಿನ ಕೊಂಬಿನಿ ಅಂಗಡಿಯಲ್ಲಿ ಅನ್ನದುಂಡೆ ಕೊಳ್ಳಲು ನಿಂತಿದ್ದಾಗ, ಗಲ್ಲಾದ ಹುಡುಗಿ ತನ್ನ ಫೋನು ಚಾರ್ಜ್ ಆಗುತ್ತಿಲ್ಲವೆಂದು ಗೆಳತಿಗೆ ಹೇಳುತ್ತಿದ್ದಳು. ಇವರು, "ಸುಮಿಮಾಸೆನ್, ಕ್ಷಮಿಸಿ, ಒಂದು ನಿಮಿಷ" ಎಂದು ಕೈ ಚಾಚಿಯೇಬಿಟ್ಟರು. ಹಿಂದೆ ನಿಂತಿದ್ದವರ ಸಾಲು ಬೆಳೆಯಿತು. ಈ ದೇಶದಲ್ಲಿ ಸಾಲನ್ನು ಕಾಯಿಸುವುದು ಎಂಥ ಅಪರಾಧವೆಂದು ನನಗೆ ಗೊತ್ತು. ನಾನು ಬಿಸ್ಕತ್ತಿನ ಕಪಾಟಿನ ಹಿಂದೆ ಅವಿತುಕೊಂಡೆ. ಅವರು ಒಂದು ಉದ್ದನೆಯ ಹಿಂಜನ್ನು ಎಳೆದು ತೆಗೆದು, ಎಲ್ಲರಿಗೂ ಎತ್ತಿ ತೋರಿಸಿ, ಸಾಲಿನ ಕೊನೆಯವರೆಗೂ ತಲೆಬಾಗಿ ಕ್ಷಮೆ ಕೇಳಿದರು.

ಇನ್ನು ಕುಂಕುಮದ ಕಥೆ. ಹಿಡಿದ ಕೈ ಫೋನಿನ ಎಲ್ಲೆಲ್ಲಿ ಒತ್ತುತ್ತದೆ ಎಂದು ತಿಳಿಯಲು ಅವರು ಏನೇನೋ ಬಣ್ಣ ಬಳಸಿ ನೋಡಿದ್ದರು. ಶಾಯಿ ಹರಡುತ್ತಿತ್ತು, ಸೀಮೆಸುಣ್ಣ ಉದುರುತ್ತಿತ್ತು. ಒಂದು ಶ್ರಾವಣದ ಶುಕ್ರವಾರ ನಾನು ಮನೆಯಲ್ಲಿ ಲಕ್ಷ್ಮಿಯ ಪೂಜೆ ಮುಗಿಸಿ, ಕೈ ತೊಳೆಯಲೂ ಪುರುಸೊತ್ತಿಲ್ಲದೆ ಓಡಿಬಂದಿದ್ದೆ. ಮೇಜಿನ ಮೇಲಿದ್ದ ಬಿಳಿ ಅಚ್ಚನ್ನು ಎತ್ತಿಕೊಂಡರೆ ಅದರ ತಳದಲ್ಲಿ ನನ್ನ ಕಿರುಬೆರಳಿನ ಕೆಂಪು ಗುರುತು ಮೂಡಿತು. ಹಾಳು ಮಾಡಿದೆನಲ್ಲ ಎಂದು ನಾನು ಸುಮಿಮಾಸೆನ್, ಸುಮಿಮಾಸೆನ್ ಎನ್ನುತ್ತ ಒರೆಸಲು ಹೋದರೆ ಅವರು ಕೂಗಿಕೊಂಡರು. ಮೆಲುದನಿ ಬಿಟ್ಟು ಮಾತಾಡದ ಆ ಮನುಷ್ಯ ಕೂಗಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಅಚ್ಚನ್ನು ಕಿಟಕಿಯ ಬೆಳಕಿಗೆ ಒಯ್ದು, ಬೆರಳಿನ ಗೆರೆಗಳು ಕೂಡ ಹೇಗೆ ಬಿದ್ದಿವೆ ನೋಡಿ ಎಂದರು. "ಇದು ಎಲ್ಲಿ ಸಿಗುತ್ತದೆ?"

ಮೈಸೂರಿನಲ್ಲಿ ಸಿಗುತ್ತದೆ. ಅಮ್ಮ ಪಾರ್ಸೆಲ್ಲಿನಲ್ಲಿ ಚಟ್ನಿಪುಡಿಯ ಜೊತೆಗೆ ಪೊಟ್ಟಣ ಪೊಟ್ಟಣ ಕುಂಕುಮ ಕಳಿಸತೊಡಗಿದಳು. ಮೂರನೆಯ ಸಲ ಕೇಳಿದಾಗ ಅವಳಿಗೆ ಅನುಮಾನ ಬಂತು.

"ಅಲ್ವೇ, ನಿಮ್ಮಾಫೀಸಲ್ಲಿ ಅಷ್ಟೊಂದು ಜನ ಮುತ್ತೈದೇರಿದಾರೇನೇ?"

"ಇಲ್ಲಮ್ಮ, ಒಬ್ರು ಮುದುಕರಿದಾರೆ. ಅವ್ರಿಗೇ ಬೇಕು."

"ಪಾಪ, ದೇವಿ ಉಪಾಸಕರಿರ್ಬೇಕು" ಎಂದು ಅಮ್ಮ ಅವರಿಗಾಗಿ ಚಾಮುಂಡಿ ಬೆಟ್ಟದ ಪ್ರಸಾದವನ್ನೂ ಸೇರಿಸಿದಳು. ಅವರು ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಹಣೆಗೆ ಮುಟ್ಟಿಸಿ, ಜೇಬಿನಲ್ಲಿ ಹಲ್ಲುಕಡ್ಡಿಯ ಪಕ್ಕ ಇಟ್ಟುಕೊಂಡರು.

ಆಫೀಸಿನಲ್ಲಿ ನನ್ನ ಬಿಟ್ಟರೆ ಇದ್ದ ಇನ್ನೊಬ್ಬ ಕನ್ನಡಿಗ ಪ್ರಸನ್ನ. ಬೆಂಗಳೂರಿನವನು. ಫೋನಿನೊಳಗೆ ನೀರು ಹೋಗದಂತೆ ನೋಡಿಕೊಳ್ಳುವುದು ಅವನ ಕೆಲಸ. ಇಲ್ಲಿಯವರು ಬಿಸಿನೀರಿನ ತೊಟ್ಟಿಯಲ್ಲಿ ಕುತ್ತಿಗೆಯವರೆಗೂ ಮುಳುಗಿ ಕೂತು ಫೋನ್ ನೋಡುವ ಜನ, ಹಾಗಾಗಿ ಅವನಿಗೆ ಒಂದೊಂದು ತೂತೂ ಒಂದೊಂದು ಶತ್ರು. ಇವರಿಗೂ ಅವನಿಗೂ ವಾರಕ್ಕೊಮ್ಮೆ ಮರ್ಯಾದೆಯಿಂದ ಜಗಳ. ಒಂದು ದಿನ ಯಾವುದೋ ಮಾದರಿಯೊಳಗೆ ನೀರು ನುಗ್ಗಿ, ತಪ್ಪು ನಿಮ್ಮದೋ ನಮ್ಮದೋ ಎಂದು ಎರಡೂ ಗುಂಪಿನವರು ಒಬ್ಬರ ಮುಖ ಒಬ್ಬರು ನೋಡುತ್ತಿದ್ದಾಗ ಪ್ರಸನ್ನ ನನ್ನ ಕಡೆ ತಿರುಗಿ, "ಬಿಡೇ ಸುಮಾ, ಎಲ್ಲರ ಮನೆ ದೋಸೆನೂ ತೂತೇ" ಎಂದ. ನಾವಿಬ್ಬರೂ ನಗು ತಡೆಯಲಾಗದೆ ಹೊರಗೆ ಓಡಿದೆವು. ಅಂದಿನಿಂದ ನಮ್ಮಿಬ್ಬರ ನಡುವೆ ಅವರ ಹೆಸರು ದೋಸೆ-ಸಾನ್, ಎಂದರೆ ದೋಸೆಯವರು.

ಗುಟ್ಟು ರಟ್ಟಾದದ್ದು ನನ್ನ ಮಗಳಿಂದ. ಅವರನ್ನೂ ಅವರ ಹೆಂಡತಿಯನ್ನೂ ಒಂದು ಭಾನುವಾರ ಮನೆಗೆ ಊಟಕ್ಕೆ ಕರೆದಿದ್ದೆ. ಇಲ್ಲಿಯೇ ಹುಟ್ಟಿ ಬೆಳೆದ ಮಗಳು ಕನ್ನಡದಲ್ಲಿ ಹೇಳಿದ್ದನ್ನೆಲ್ಲ ಅರ್ಥಮಾಡಿಕೊಂಡು ಜಪಾನಿಯಲ್ಲಿ ಉತ್ತರ ಕೊಡುವವಳು. ಬಾಗಿಲು ತೆಗೆದವಳೇ ಒಳಗೆ ತಿರುಗಿ, "ಅಮ್ಮಾ, ದೋಸೆ-ಸಾನ್ ಬಂದರು!" ಎಂದು ಸ್ವಚ್ಛ ಜಪಾನಿಯಲ್ಲಿ ಕೂಗಿದಳು. ನನಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಗಾದೆಯನ್ನು ವಿವರಿಸದೆ ಬೇರೆ ದಾರಿ ಇರಲಿಲ್ಲ. ಅವರು ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಕಾವಲಿಯಿಂದ ಆಗತಾನೇ ತೆಗೆದ ದೋಸೆಯನ್ನು ಎರಡು ಬೆರಳಲ್ಲಿ ಹಿಡಿದು ಬೆಳಕಿಗೆ ಎತ್ತಿ ನೋಡಿದರು.

"ಈ ತೂತುಗಳನ್ನು ಎಲ್ಲಿಡಬೇಕೆಂದು ಯಾರು ತೀರ್ಮಾನಿಸುತ್ತಾರೆ?"

"ಯಾರೂ ಇಲ್ಲ. ಕಾವಲಿ ಕಾದಿದ್ದರೆ, ಹಿಟ್ಟು ಹುದುಗಿದ್ದರೆ, ಅವೇ ಬೀಳುತ್ತವೆ."

"ಮೀಟಿಂಗ್ ಇಲ್ಲವೇ?" ಎಂದು ನಿಟ್ಟುಸಿರು ಬಿಟ್ಟು ತಿನ್ನತೊಡಗಿದರು. ಅವರ ಹೆಂಡತಿ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತ, "ಇವರು ನನ್ನ ಕೈ ಹಿಡಿದದ್ದಕ್ಕಿಂತ ನೋಡಿದ್ದೇ ಹೆಚ್ಚು. ನಮ್ಮ ಮದುವೆಯ ಮಾತುಕತೆಗೆ ಬಂದಾಗಲೂ ಒಂದು ಮರದ ತುಂಡು ಕೊಟ್ಟು ಹಿಡಿದುಕೋ ಎಂದಿದ್ದರು" ಎಂದರು. ಮಕ್ಕಳಿಲ್ಲದ ಆ ಇಬ್ಬರ ನಡುವೆ ಹೀಗೆ ಯಾವಾಗಲೂ ಒಂದು ಸಣ್ಣ ತಮಾಷೆ ಓಡಾಡುತ್ತಿತ್ತು. ಹೋಗುವಾಗ ಅವರು ಮಗಳಿಗೆ, ಇನ್ನು ಮುಂದೆ ತಮ್ಮನ್ನು ಅದೇ ಹೆಸರಿನಿಂದ ಕರೆಯಬೇಕೆಂದು ಹೇಳಿ ಹೋದರು.

ನಾನು ಮಧ್ಯಾಹ್ನದ ಬಿಡುವಿನಲ್ಲಿ ಅಮ್ಮನ ಜೊತೆ ಮಾತಾಡುವುದನ್ನು ಅವರು ದೂರದಿಂದ ಗಮನಿಸುತ್ತಿದ್ದರು. ಒಮ್ಮೆ ಕೇಳಿದರು: "ನೀವು ನಡುನಡುವೆ ಹೂಂ, ಹೂಂ ಎನ್ನುತ್ತೀರಲ್ಲ, ಏನದು?" ಅಮ್ಮ ಕಥೆ ಹೇಳುವಾಗ ನಾನು ಹೂಂಗುಟ್ಟದಿದ್ದರೆ ಅವಳು ನಿಲ್ಲಿಸಿಬಿಡುತ್ತಾಳೆ ಎಂದೆ. ಇಲ್ಲಿಯವರೂ ಎದುರಿನವರು ಮಾತಾಡುತ್ತಿದ್ದರೆ ಹಾಯ್, ಹಾಯ್ ಎನ್ನುತ್ತಲೇ ಇರುತ್ತಾರೆ. ಹಾಯ್ ಎಂದರೆ ಹೌದು. ಆದರೆ ಒಪ್ಪಿದೆ ಎಂದೇ ಆಗಬೇಕಿಲ್ಲ, ಕೇಳುತ್ತಿದ್ದೇನೆ ಹೇಳಿ ಎಂದೂ ಆಗುತ್ತದೆ. ಅವರಿಗೆ ಹೂಂ ಬಹಳ ಹಿಡಿಸಿತು. ಬಾಯಿ ತೆರೆಯದೆಯೇ ಹೇಳಬಹುದಲ್ಲ ಎಂದರು. ಆಮೇಲೆ ಮೀಟಿಂಗಿನಲ್ಲಿ ನಾನು ಮಾತಾಡುವಾಗ ಮೇಜಿನ ಆ ತುದಿಯಿಂದ ಒಂದು ಮೆಲ್ಲನೆಯ ಹೂಂ ಕೇಳಿಬರುತ್ತಿತ್ತು. ಪರದೇಶದ ಆಫೀಸಿನಲ್ಲಿ, ತಪ್ಪು ತಪ್ಪು ಜಪಾನಿಯಲ್ಲಿ ನಡುಗುತ್ತ ಮಾತಾಡುವವಳಿಗೆ ಆ ಹೂಂ ಎಷ್ಟು ಧೈರ್ಯ ಕೊಡುತ್ತಿತ್ತು ಎಂದು ಅವರಿಗೆ ನಾನು ಹೇಳಲೇ ಇಲ್ಲ.

ನಾವು ಕೊನೆಗೆ ಮಾಡಿದ ಫೋನು ವಯಸ್ಸಾದವರಿಗೆಂದು ಮಾಡಿದ್ದು. ದೊಡ್ಡ ಅಕ್ಷರ, ಕಡಿಮೆ ಬೆಲೆ, ನೀರಿನಲ್ಲಿ ಬಿದ್ದರೂ ಕೆಡಬಾರದು. ಅಚ್ಚುಗಳನ್ನೂ ಕುಂಕುಮವನ್ನೂ ಹೊತ್ತುಕೊಂಡು ಅವರೂ ನಾನೂ ಮುದುಕರು ಹಗಲು ಕಳೆಯಲು ಬರುವ ಒಂದು ಆರೈಕೆ ಕೇಂದ್ರಕ್ಕೆ ಹೋದೆವು. ಒಬ್ಬೊಬ್ಬರ ಅಂಗೈಗೂ ಅವರು ತಾವೇ ಕುಂಕುಮ ಸವರುತ್ತಿದ್ದರು. ಒಬ್ಬ ಅಜ್ಜಿ, ಇದು ತುಟಿಗೆ ಹಚ್ಚುವ ಬಣ್ಣವಾದರೆ ಸ್ವಲ್ಪ ಇಲ್ಲಿಗೂ ಹಚ್ಚು ಎಂದು ಮುಖ ಮುಂದೆ ಮಾಡಿದಳು. ಆಮೇಲೆ ಬಿಸಿನೀರಿನಲ್ಲಿ ಅದ್ದಿದ ಟವೆಲಿನಿಂದ ಪ್ರತಿಯೊಬ್ಬರ ಬೆರಳಸಂದಿಯನ್ನೂ ಅವರೇ ಮಂಡಿಯೂರಿ ಕೂತು ಒರೆಸಿದರು. ಆ ಕೆಂಪು ಗುರುತುಗಳು ಹೇಳಿದ್ದು ಒಂದೇ. ಕೈಯಲ್ಲಿ ಬಲವಿಲ್ಲದವರು ಫೋನನ್ನು ಪಕ್ಕದಿಂದ ಹಿಡಿಯುವುದಿಲ್ಲ. ಬೀಳದಿರಲಿ ಎಂದು ತಳಕ್ಕೆ ಬೆರಳುಗಳನ್ನು ಕೊಟ್ಟು ಹೊರುತ್ತಾರೆ. ಮೈಕಿನ ತೂತು ಇರುವುದು ಅಲ್ಲಿಯೇ.

ಅವರು ಕೇಳಿದ್ದು ಇಷ್ಟು: ತಳದಲ್ಲಿ ಒಂದಿರಲಿ, ಮೇಲ್ಗಡೆ ಇನ್ನೊಂದು ಮೈಕಿನ ತೂತಿರಲಿ. ಒಂದು ಮುಚ್ಚಿದರೆ ಇನ್ನೊಂದು ಕೇಳಿಸಿಕೊಳ್ಳುತ್ತದೆ. ಪ್ರಸನ್ನ ನನ್ನ ಹತ್ತಿರ ಗೋಳಾಡಿದ: "ನಾನೇನ್ ಮಾಡ್ಲಿ ಹೇಳೇ. ಎಕ್ಸ್‌ಟ್ರಾ ತೂತು ಅಂದ್ರೆ ಅದಕ್ಕೊಂದು ಎಕ್ಸ್‌ಟ್ರಾ ಪೊರೆ, ಎಕ್ಸ್‌ಟ್ರಾ ಟೆಸ್ಟಿಂಗ್. ಅಜ್ಜಿ ತೊಟ್ಟೀಲಿ ಬೀಳಿಸ್ಕೊಂಡು ಫೋನ್ ಡೆಡ್ ಆದ್ರೆ ಬೈಸ್ಕೊಳ್ಳೋನು ನಾನು ತಾನೇ? ಅವ್ರು ಹೇಳೋದು ಕರೆಕ್ಟೇ. ಬಟ್ ಬಜೆಟ್ ಎಲ್ಲಿದೆ?"

ಕೊನೆಯ ಮೀಟಿಂಗಿಗೆ ಅವರು ಕುಂಕುಮದ ಅಚ್ಚುಗಳನ್ನೆಲ್ಲ ತಂದು ಮೇಜಿನ ಮೇಲೆ ಜೋಡಿಸಿದರು. ಮೇಲಿನವರೊಬ್ಬರು ಒಂದನ್ನು ಮುಟ್ಟಿ ನೋಡಿ, ಬೆರಳಿಗೆ ಅಂಟಿದ್ದನ್ನು ಟಿಶ್ಯೂವಿನಲ್ಲಿ ಒರೆಸಿಕೊಂಡರು. ದೋಸೆ-ಸಾನ್ ಅಂದು ಆಡಿದ ಮಾತು ನನಗೆ ಬಾಯಿಪಾಠವಾಗಿದೆ.

"ಸ್ಪೀಕರ್ ಮುಚ್ಚಿಹೋದರೆ ಕೇಳುವವನಿಗೆ ತಾನೇ ಗೊತ್ತಾಗುತ್ತದೆ, ಕೈ ಸರಿಸುತ್ತಾನೆ. ಮೈಕು ಮುಚ್ಚಿಹೋದರೆ ಮಾತಾಡುವವನಿಗೆ ಗೊತ್ತೇ ಆಗುವುದಿಲ್ಲ. ಆ ಕಡೆಯ ದನಿ ಅವನಿಗೆ ಚೆನ್ನಾಗಿ ಕೇಳುತ್ತಿರುತ್ತದೆ. ಅವನು ಹೇಳುತ್ತಲೇ ಇರುತ್ತಾನೆ. ಕೇಳಿಸುತ್ತಿಲ್ಲ ಎನ್ನಬೇಕಾದವರು ಆ ಕಡೆಯವರು. ನಮ್ಮ ಜನ ಹಿರಿಯರ ಮಾತನ್ನು ಅರ್ಧಕ್ಕೆ ತಡೆಯುವವರಲ್ಲ."

ಎಲ್ಲರೂ ಹಾಯ್, ಹಾಯ್ ಎಂದರು. ಒಂದೇ ತೂತು ಸಾಕೆಂದು ತೀರ್ಮಾನವಾಯಿತು. ಅವರು ತಲೆಬಾಗಿಸಿ ತಿಳಿಯಿತು ಎಂದರು, ಅಚ್ಚುಗಳನ್ನು ಬಟ್ಟೆಯಲ್ಲಿ ಸುತ್ತಿಕೊಂಡು ತಮ್ಮ ಜಾಗಕ್ಕೆ ಹೋದರು. ನನಗೆ ಆ ಟಿಶ್ಯೂವಿನ ಮೇಲೆ ಇವತ್ತಿಗೂ ಸಿಟ್ಟಿದೆ.

ಅಷ್ಟಾದರೂ ಆ ಫೋನು ಅಂಗಡಿಗೆ ಬಂದ ದಿನ ಮೊದಲು ಕೊಂಡವರು ಅವರೇ. "ನಾವು ಬಳಸದ್ದನ್ನು ಇನ್ನೊಬ್ಬರ ಕೈಗೆ ಹೇಗೆ ಕೊಡುವುದು?" ಎನ್ನುತ್ತಿದ್ದರು. ಅದರಲ್ಲಿ ಮಾತಾಡುವಾಗ ತೂತು ಮುಚ್ಚದಿರಲಿ ಎಂದು ಕಿರುಬೆರಳನ್ನು ನೆಟ್ಟಗೆ ಹೊರಕ್ಕೆ ಎತ್ತಿ ಹಿಡಿಯುವರು. ಪ್ರಸನ್ನ ನೋಡಿದಾಗಲೆಲ್ಲ ನನ್ನ ಕಿವಿಯಲ್ಲಿ, "ನಮ್ ಸ್ಕೂಲಲ್ಲಾಗಿದ್ರೆ ಮಿಸ್ಸು, ಒಂದಕ್ಕೆ ಅರ್ಜೆಂಟಾ, ಹೋಗ್ ಬಾ ಅಂತಿದ್ರು" ಎನ್ನುತ್ತಿದ್ದ. ಶಿನಾಗಾವಾ ನಿಲ್ದಾಣದ ನೂಕುನುಗ್ಗಲಿನಲ್ಲಿಯೂ ಆ ಎತ್ತಿದ ಕಿರುಬೆರಳಿನಿಂದಲೇ ನಾನು ಅವರನ್ನು ದೂರದಿಂದ ಗುರುತಿಸುತ್ತಿದ್ದೆ.

ಆಮೇಲೆ ಕಂಪನಿ ಫೋನ್ ತಯಾರಿಸುವುದನ್ನೇ ನಿಲ್ಲಿಸಿತು. ಅವರು ನಿವೃತ್ತರಾದರು, ಪ್ರಸನ್ನ ಕಾರಿನ ಕಂಪನಿ ಸೇರಿ ನಗೋಯಾಕ್ಕೆ ಹೋದ, ನನಗೆ ಫುಕುವೋಕಾದಲ್ಲಿ ಕೆಲಸ ಸಿಕ್ಕಿತು. ಕಿವಿ ಮಂದವಾದವರಿಗೆ ಸಣ್ಣ ಉಪಕರಣ ಮಾಡುವ ಪುಟ್ಟ ಕಂಪನಿ. ಅವರು ಹಬ್ಬಕ್ಕೆ ಹುಣ್ಣಿಮೆಗೆ ಫೋನ್ ಮಾಡಿ, ಮಗಳ ಕೈ ಎಷ್ಟು ಬೆಳೆದಿದೆ ಎಂದು ಕೇಳುತ್ತಿದ್ದರು. ಓದು ಹೇಗಿದೆ ಎಂದು ಕೇಳಿದವರಲ್ಲ.

ಹೋದ ವರ್ಷ ಪ್ರಸನ್ನ ಫೋನ್ ಮಾಡಿದ. "ಸುಮಾ, ದೋಸೆ-ಸಾನ್ ಆಸ್ಪತ್ರೇಲಿದಾರಂತೆ ಕಣೇ. ಲಿವರ್ ಅಂತೆ. ಲಾಸ್ಟ್ ಸ್ಟೇಜ್ ಅಂತಿದಾರೆ." ಅವನ ದನಿ ಒಡೆಯಿತು. "ಆ ತೂತು ಇಡೋಕೆ ಬಿಟ್ಟಿದ್ರೆ ಏನಾಗ್ತಿತ್ತು ಹೇಳೇ ನಂಗೆ" ಎಂದು ಸಂಬಂಧವಿಲ್ಲದ್ದನ್ನು ಹೇಳಿ ಅತ್ತ. ನಾನು ಶನಿವಾರದ ವಿಮಾನಕ್ಕೆ ಟಿಕೆಟ್ ಮಾಡಿಸಿದೆ.

ಬುಧವಾರ ಮಧ್ಯಾಹ್ನ ಊಟಕ್ಕೆಂದು ಆಫೀಸಿನ ಎದುರಿನ ಪಾರ್ಕಿನಲ್ಲಿ ಕೂತಿದ್ದಾಗ ಅವರ ಫೋನಿನಿಂದಲೇ ಕರೆ ಬಂತು. ಮಾತಾಡಿದ್ದು ಅವರ ಹೆಂಡತಿ. "ಶನಿವಾರ ಬರುತ್ತೀರೆಂದು ಹೇಳಿದೆ. ಆದರೂ ಇವತ್ತೇ ಮಾತಾಡಬೇಕಂತೆ. ಅವರಿಗೆ ಕೊಡುತ್ತೇನೆ" ಎಂದರು. ಸ್ವಲ್ಪ ಸದ್ದು, ಹಾಸಿಗೆಯ ಸರಬರ, ಬಾಗಿಲು ಜಾರಿ ಮುಚ್ಚಿದ್ದು.

"ಸುಮಾ-ಸಾನ್."

ಅಷ್ಟು ಮಾತ್ರ ಸ್ಪಷ್ಟವಾಗಿ ಕೇಳಿಸಿತು. ಮರುಗಳಿಗೆಯೇ ದನಿ ಗೋಡೆಯ ಆಚೆಗೆ ಹೋದಂತಾಯಿತು. ಚರ್ಮ ಉಜ್ಜುವ ಸರಸರ ಸದ್ದು, ಅದರ ಹಿಂದೆ ಎಲ್ಲೋ ಒಂದು ಗುಂಯ್‌ಗುಡುವಿಕೆ. ಏನಾಗಿದೆ ಎಂದು ನನಗಲ್ಲದೆ ಇನ್ನು ಯಾರಿಗೆ ಗೊತ್ತಾಗಬೇಕು? ಅವರ ಕಿರುಬೆರಳು ತೂತಿನ ಮೇಲೆ ಬಂದು ಕೂತಿತ್ತು.

ಸುಮಿಮಾಸೆನ್ ಎಂದು ನಾನು ಬಾಯಿ ತೆರೆದೆ. ಆ ಗುಂಯ್‌ಗುಡುವಿಕೆ ನಿಂತಿತು. ಒಂದು ಉಸಿರು, ಬೆಟ್ಟ ಹತ್ತುವವರು ಎಳೆದುಕೊಳ್ಳುವಂಥದ್ದು, ಚರ್ಮವನ್ನು ದಾಟಿ ನನ್ನ ಕಿವಿಗೆ ಬಂತು. ಮತ್ತೆ ಶುರುಮಾಡಲು ಅವರು ಪಟ್ಟ ಕಷ್ಟ ಅಷ್ಟು ದೂರದಿಂದಲೂ ತಿಳಿಯುತ್ತಿತ್ತು. ಇನ್ನೊಮ್ಮೆ ತಡೆದರೆ ಮೂರನೆಯ ಸಲ ಹೇಳುವ ಶಕ್ತಿ ಇರುತ್ತದೋ ಇಲ್ಲವೋ. ಬೆರಳು ಈಗ ಸರಿಯುತ್ತದೆ, ಇನ್ನೇನು ಸರಿಯುತ್ತದೆ ಎಂದುಕೊಂಡು ನಾನು ಹೂಂ ಎಂದೆ. ಅವರು ಮಾತು ಮುಂದುವರಿಸಿದರು. ನಾನು ಫೋನನ್ನು ಕಿವಿಗೆ ಒತ್ತಿಕೊಂಡು, ಒಂದಾದರೂ ಶಬ್ದ ಸಿಗಲಿ ಎಂದು ಉಸಿರು ಬಿಗಿಹಿಡಿದು, ಅವರು ತಡೆದಲ್ಲೆಲ್ಲ ಹೂಂ, ಹೂಂ ಎನ್ನುತ್ತ ಹೋದೆ. ಬಹಳ ಹೊತ್ತು ಹೇಳಿದರು. ನಡುವೆ ಒಮ್ಮೆ ನಕ್ಕಂತೆ ಇತ್ತು. ಒಮ್ಮೆ ಅತ್ತಂತೆಯೂ ಇತ್ತು, ಅದು ಕೆಮ್ಮಾಗಿದ್ದರೂ ಇರಬಹುದು.

ಕೊನೆಯಲ್ಲಿ ಬೆರಳು ಜಾರಿತು. ದನಿ ಪಕ್ಕದಲ್ಲೇ ಕೂತಷ್ಟು ಹತ್ತಿರ ಬಂತು.

"...ಆಗಬಹುದೇ?"

ಅದೊಂದೇ ಮಾತು. ನಾನು, "ಹಾಯ್" ಎಂದೆ. ಅವರು, "ಅರಿಗಾತೋ" ಎಂದು ಧನ್ಯವಾದ ಹೇಳಿದರು. ಫೋನು ಹಾಸಿಗೆಯ ಮೇಲೆ ಬಿದ್ದ ಸದ್ದು ಕೇಳಿಸಿತು. ಅಂದು ರಾತ್ರಿ ಅವರಿಗೆ ಪ್ರಜ್ಞೆ ತಪ್ಪಿತು, ಶುಕ್ರವಾರ ಹೋಗಿಬಿಟ್ಟರು. ನಾನು ಶನಿವಾರದ ಟಿಕೆಟ್ಟಿನಲ್ಲಿ ಸಾವಿನ ಮನೆಗೆ ಹೋದೆ. ಅಂದು ಅಲ್ಲಿ ನೆರೆದಿದ್ದ ಜನರ ನಡುವೆ ಅವರ ಹೆಂಡತಿಯ ಜೊತೆ ಎರಡು ಮಾತಾಡಲೂ ಆಗಲಿಲ್ಲ.

ಇಲ್ಲಿಯವರು ಸತ್ತವರಿಗೆ ಮಾಡುವ ನಲವತ್ತೊಂಬತ್ತನೆಯ ದಿನದ ಪೂಜೆ ಕಳೆದ ಮೇಲೆ ಊದುಬತ್ತಿ ಹಚ್ಚಿ ಬರಲು ಕಾವಾಸಾಕಿಯ ಅವರ ಮನೆಗೆ ಮತ್ತೆ ಹೋದೆ. ಚಾಪೆಯ ಕೋಣೆಯ ಸಣ್ಣ ದೇವರ ಗೂಡಿನಲ್ಲಿ ಅವರ ಫೋಟೋ, ಒಂದು ಬಟ್ಟಲು ಅನ್ನ, ಹಲ್ಲುಕಡ್ಡಿಯ ಕಟ್ಟು, ಆ ಫೋನು, ಪಕ್ಕದಲ್ಲಿ ಕುಂಕುಮದ ಕಲೆಯ ಒಂದು ಬಿಳಿ ಅಚ್ಚು. ದಾರಿಯುದ್ದಕ್ಕೂ ಒಂದು ನಿಶ್ಚಯ ಮಾಡಿಕೊಂಡು ಬಂದಿದ್ದೆ. ನನಗೆ ಏನೂ ಕೇಳಿಸಲಿಲ್ಲ ಎಂದು ಹೇಳಿಬಿಡಬೇಕು. ಅವರು ನಿಮಗೇನಾದರೂ ಹೇಳಿದರೇ ಎಂದು ಕೇಳಬೇಕು. ಆ ಮಾತುಗಳು ಎಲ್ಲಿಯಾದರೂ ಉಳಿದಿದ್ದರೆ ಈ ಮನೆಯಲ್ಲಿ ಮಾತ್ರ ಉಳಿದಿರಬೇಕು.

ಟೀ ಕೊಟ್ಟು ಅವರ ಹೆಂಡತಿ ಎದುರಿಗೆ ಕೂತರು. ನಾನು ಬಾಯಿ ತೆರೆಯುವ ಮೊದಲೇ ಆಕೆ ಮಾತು ಶುರುಮಾಡಿದರು.

"ಅವತ್ತು ಅವರ ಕೈಯಲ್ಲಿ ಫೋನ್ ನಿಲ್ಲುತ್ತಲೇ ಇರಲಿಲ್ಲ. ನಿಮಗೆ ಗೊತ್ತಲ್ಲ, ಅವರು ಕಿರುಬೆರಳು ಎತ್ತಿಯೇ ಹಿಡಿಯುವವರು. ಎತ್ತಲು ನೋಡಿದರು, ಆಗಲಿಲ್ಲ. ಬಿದ್ದುಹೋಗುತ್ತದೆಂದು ನಾನೇ ಆ ಬೆರಳನ್ನು ಕೆಳಗೆ ಮಡಚಿಕೊಟ್ಟೆ. ಹೀಗೆ." ಗೂಡಿನಿಂದ ಫೋನ್ ತೆಗೆದು, ತಮ್ಮ ಬೆರಳನ್ನು ಅದರ ತಳಕ್ಕೆ ಮಡಚಿ ತೋರಿಸಿದರು. ಸರಿಯಾಗಿ ಅದೇ ಜಾಗ. "ನಿಮ್ಮಿಬ್ಬರ ಮಾತು ನಾನು ಕೇಳಬಾರದೆಂದು ಹೊರಗೆ ಹೋಗಿ ನಿಂತೆ. ಒಳಗೆ ಬಂದಾಗ ಅವರ ಮುಖ ನೋಡಬೇಕಿತ್ತು ನೀವು. ಸುಮಾ-ಸಾನ್ ಎಲ್ಲ ಕೇಳಿಸಿಕೊಂಡಳು, ಕೊನೆಯವರೆಗೂ ಹೂಂ ಎಂದಳು, ಒಪ್ಪಿಕೊಂಡಳು ಎಂದರು. ಆ ಕಾಯಿಲೆ ಬಂದಮೇಲೆ ಅಷ್ಟು ನೆಮ್ಮದಿಯಾಗಿ ನಿದ್ದೆ ಹೋದದ್ದು ಅವತ್ತೊಂದೇ ಸಲ."

ನನ್ನ ಬಾಯಿಗೆ ಬಂದದ್ದು ಅಲ್ಲಿಯೇ ಉಳಿಯಿತು. ಹೇಳಿದರೆ ಆಕೆಗೆ ಉಳಿಯುವುದೇನು? ಆ ಬೆರಳನ್ನು ಮಡಚಿಟ್ಟ ಕೈ ಆಕೆಯದು. ಫೋಟೋದೊಳಗಿಂದ ಅವರು ನನ್ನ ಕೈಯನ್ನೇ ನೋಡುತ್ತಿರುವಂತೆ ಅನ್ನಿಸಿ, ಟೀ ಬಟ್ಟಲನ್ನು ಕೆಳಗಿಟ್ಟೆ.

"ಏನು ಒಪ್ಪಿಕೊಂಡಿರಿ ಎಂದು ನಾನು ಕೇಳುವುದಿಲ್ಲ. ಅದು ನಿಮ್ಮಿಬ್ಬರದು" ಎಂದು ಆಕೆ ಫೋನನ್ನು ಪಕ್ಕಕ್ಕಿಟ್ಟು, ಎರಡೂ ಅಂಗೈಯನ್ನು ಚಾಪೆಗೆ ಊರಿ, ಹಣೆ ನೆಲಕ್ಕೆ ತಾಗುವಷ್ಟು ಬಾಗಿದರು. "ದಯವಿಟ್ಟು ಅದನ್ನು ನಡೆಸಿಕೊಡಿ."

ನಾನೂ ಅಷ್ಟೇ ಬಾಗಿದೆ. "ಹಾಯ್" ಎಂದೆ.

ಈಗ ನಾನು ತೋಚಿದ್ದನ್ನೆಲ್ಲ ಮಾಡುತ್ತಿದ್ದೇನೆ. ನಾವು ಮಾಡುವ ಕಿವಿಯ ಉಪಕರಣಕ್ಕೆ ಎರಡನೆಯ ಮೈಕಿನ ತೂತು ಬೇಕೆಂದು ಜಗಳವಾಡಿ ಗೆದ್ದೆ. ಅದೇ ಇರಬಹುದು ಎಂದುಕೊಂಡೆ. ಭಾನುವಾರ ತಪ್ಪದೆ ಅವರ ಹೆಂಡತಿಗೆ ಫೋನ್ ಮಾಡುತ್ತೇನೆ. ಒಂಟಿಯಾಗುವವಳನ್ನು ನೋಡಿಕೋ ಎಂದಿರಬಹುದು. ವರ್ಷಕ್ಕೊಮ್ಮೆ ಅವರ ಸಮಾಧಿಗೆ ಹೋಗಿ ಕಲ್ಲು ತೊಳೆದು ಬರುತ್ತೇನೆ ಎಂದುಕೊಂಡಿದ್ದೇನೆ. ಮಗಳ ಕೈಗೆ ಕುಂಕುಮ ಸವರಿ ಬಿಳಿ ಅಚ್ಚಿನ ಮೇಲೆ ಒತ್ತಿಸಿ ಇಟ್ಟಿದ್ದೇನೆ. ಅದು ಎಷ್ಟು ಬೆಳೆದಿದೆ ಎಂದು ಅವರು ಕೇಳುತ್ತಿದ್ದರಲ್ಲ. ಕುಂಕುಮ ತೊಳೆದುಕೊಳ್ಳುತ್ತ ಅವಳು, "ಅಮ್ಮಾ, ದೋಸೆ-ಸಾನ್ ಇದನ್ನೇ ಮಾಡು ಅಂದ್ರಾ?" ಎಂದು ಅಪರೂಪಕ್ಕೆ ಕನ್ನಡದಲ್ಲೇ ಕೇಳಿದಳು. ಹೂಂ ಎಂದೆ. ಅವರು ಕೇಳಿದ್ದು ಇವುಗಳಲ್ಲಿ ಯಾವುದೂ ಅಲ್ಲದೆ ಇರಬಹುದು.